ಕಂಪನ: ತಂಬೂರಿಯ ತಂತಿಯಲ್ಲಿ

ಒಂದು ವಸ್ತು ತನ್ನ ನೆಲೆಯಿಂದ ಸರಿದು, ಹಿಂದಕ್ಕೆಳೆಯುವ ಬಲಕ್ಕೆ ಸಿಕ್ಕಿ, ಆ ನೆಲೆಯ ಆಚೀಚೆ ಮತ್ತೆ ಮತ್ತೆ ಚಲಿಸುವುದೇ ಕಂಪನ. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರದ ರೆಕ್ಕೆ ಎಷ್ಟು ಸುತ್ತಿದರೂ ಅದು ಕಂಪನವಲ್ಲ; ಗಾಳಿಯ ಹೊಡೆತಕ್ಕೆ ಅದರ ಕಂಬ ತುಸು ಬಾಗಿ ಮರಳುವುದು ಕಂಪನ. ನೆಲ ಅದುರುವುದು, ಕಿಸೆಯಲ್ಲಿ ಮೊಬೈಲು ಗುಂಯ್‌ಗುಡುವುದು ಇದರೊಳಗೇ ಬರುತ್ತವೆ. 'ಈ ಜಾಗದ ವೈಬ್ರೇಶನ್ ಛಲೋ ಐತಿ' ಎಂಬ ಮಾತಿಗೆ ಮಾತ್ರ ಅಳೆಯಬಲ್ಲ ಆವರ್ತನವಿಲ್ಲ. ಹಾಗೆಂದು ಅನುಭವಕ್ಕೆ ಬಂದದ್ದನ್ನೆಲ್ಲ ಬರೀ ಭಾವನೆಯೆಂದು ತಳ್ಳಿಹಾಕಲಾಗದು. ತಂಬೂರಿಯ ಗಾಂಧಾರ ಇದಕ್ಕೆ ಬಲವಾದ ಸಾಕ್ಷಿ.

1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತದ್ದು ಕಿರಾಣಾ ಗಾಯಕಿ. ಸ್ವರದ ಶುದ್ಧಿಯೇ ಅದರ ಜೀವಾಳವಾದ್ದರಿಂದ ಅಲ್ಲಿ ತಂಬೂರಿ ಕೂಡಿಸುವ ಕೆಲಸಕ್ಕೆ ದೊಡ್ಡ ಬೆಲೆ. ಸಾಮಾನ್ಯವಾಗಿ ಒಂದು ತಂತಿ ಪಂಚಮಕ್ಕೆ, ಎರಡು ಷಡ್ಜಕ್ಕೆ, ಕೊನೆಯದು ಖರ್ಜಕ್ಕೆ, ಅಂದರೆ ಮಂದ್ರ ಷಡ್ಜಕ್ಕೆ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಅದು ಕೇಳುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಕೇಳುಗರ ಭ್ರಮೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ತಂತಿ ಇಡಿಯಾಗಿ ಕಂಪಿಸುತ್ತಲೇ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಖರ್ಜ ಸೆಕೆಂಡಿಗೆ 65 ಕಂಪನಗಳಲ್ಲಿದ್ದರೆ ಅದರ ಮೂರರಷ್ಟು 195, ಅದು ಪಂಚಮ. ಐದರಷ್ಟು 325, ಅದೇ ಗಾಂಧಾರ.

ಎಲ್ಲ ತಂತಿಗಳೂ ಹೀಗೇ ಒಡೆದು ಕಂಪಿಸುವಾಗ ತಂಬೂರಿಯಲ್ಲೇ ಏಕೆ ಇಷ್ಟು ಸ್ಪಷ್ಟ? ಬುರುಡೆ ದೊಡ್ಡದು ಎಂಬ ಉತ್ತರ ಸಾಲದು. ಬುರುಡೆ ತನಗೆ ಬಂದ ನಾದವನ್ನು ಹಿಗ್ಗಿಸೀತೇ ಹೊರತು ಬಾರದ ಸ್ವರವನ್ನು ಹುಟ್ಟಿಸಲಾರದು. ಕಾರಣ ಇರುವುದು ತಂತಿಗಳನ್ನು ಹೊತ್ತ ಕುದುರೆಯಲ್ಲಿ. ಅದರ ಮೈ ಅಗಲ, ನಯವಾದ ಇಳಿಜಾರು. ಕಂಪಿಸುವ ತಂತಿ ಪ್ರತಿ ಸಲವೂ ಅದನ್ನು ಸವರಿ ಬಿಡುತ್ತದೆ. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಭಾಗಕಂಪನದ ನಿಶ್ಚಲ ಬಿಂದು ಇದೆಯೋ ಆ ಭಾಗಕಂಪನ ಏಳದು ಎಂಬುದು ಥಾಮಸ್ ಯಂಗ್ ಹೇಳಿದ ನಿಯಮ. ತಂಬೂರಿ, ವೀಣೆಗಳಲ್ಲಿ ಅದೂ ಗಟ್ಟಿಯಾಗಿಯೇ ಕೇಳುತ್ತದೆಂದು ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ತೋರಿಸಿ, ಈ ಸವರುವಿಕೆಯನ್ನೇ ಕಾರಣವಾಗಿ ಮುಂದಿಟ್ಟರು. ತಂತಿಯಡಿಯ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಜವಾರಿ, ಅಂದರೆ ಆ ಸವರುವಿಕೆಯಿಂದ ಬರುವ ಝೇಂಕಾರ, ಕೆಟ್ಟು ನಾದ ಮಂಕಾಗುತ್ತದೆ. ಬಿಗಿತ ಅದೇ, ಶ್ರುತಿಯೂ ಹೆಚ್ಚುಕಡಿಮೆ ಅದೇ, ಗಾಂಧಾರ ಮಾತ್ರ ಕಿವಿಗೆ ಸಿಗುವುದಿಲ್ಲ.