ಲಿನಿಫಿಯಿಡೇ ಜೇಡಗಳ ವರ್ಗೀಕರಣ

ಲಿನಿಫಿಯಿಡೇ ಎಂಬುದು ನೆಲಕ್ಕೆ ಸಮಾನಾಂತರವಾಗಿ ಹಾಳೆಯಂತಹ ಬಲೆ ನೇಯುವ ಸಣ್ಣ ಜೇಡಗಳ ಕುಟುಂಬ. 600ಕ್ಕೂ ಹೆಚ್ಚು ಕುಲಗಳು ಹಾಗೂ 4,700ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬವು ಜಿಗಿಯುವ ಜೇಡಗಳ ಕುಟುಂಬವಾದ ಸಾಲ್ಟಿಸಿಡೇಯ ನಂತರ ಜಗತ್ತಿನ ಎರಡನೆಯ ಅತಿ ದೊಡ್ಡ ಜೇಡ ಕುಟುಂಬವಾಗಿದೆ. ಇದರ ಹೆಚ್ಚಿನ ಸದಸ್ಯರು 1ರಿಂದ 5 ಮಿಲಿಮೀಟರ್ ಉದ್ದವಿರುತ್ತವೆ. ಇಷ್ಟು ಸಣ್ಣದಾದ ಮತ್ತು ಬರಿಗಣ್ಣಿಗೆ ಒಂದೇ ತೆರನಾಗಿ ಕಾಣುವ ಜೀವಿಗಳನ್ನು ವಿಂಗಡಿಸಲು ಯಾವ ಅಂಗವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದೇ ಈ ಕುಟುಂಬದ ವರ್ಗೀಕರಣದ ಮುಖ್ಯ ಪ್ರಶ್ನೆಯಾಗಿದೆ. ಕಳೆದ ಎರಡು ಶತಮಾನಗಳಲ್ಲಿ ವಿಜ್ಞಾನಿಗಳು ತಲೆಯ ಆಕಾರ, ಜನನಾಂಗ, ಶ್ವಾಸನಾಳ ಹಾಗೂ ಡಿಎನ್‌ಎ ಹೀಗೆ ಬೇರೆ ಬೇರೆ ಆಧಾರಗಳನ್ನು ಬಳಸಿದ್ದಾರೆ. ಆಧಾರ ಬದಲಾದಂತೆ ಗುಂಪುಗಳ ಗಡಿಗಳೂ ಪ್ರಭೇದಗಳ ಹೆಸರುಗಳೂ ಬದಲಾಗಿವೆ.

ಸಾಮಾನ್ಯ ಲಕ್ಷಣಗಳು

ಈ ಜೇಡಗಳು ಹುಲ್ಲು, ಪೊದೆ, ತರಗೆಲೆ ಮತ್ತು ಮಣ್ಣಿನ ಸಂದುಗಳಲ್ಲಿ ಬಲೆ ಕಟ್ಟುತ್ತವೆ. ಜೇಡವು ಹಾಳೆಯ ಕೆಳಭಾಗದಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಅನೇಕ ಪ್ರಭೇದಗಳಲ್ಲಿ ಹಾಳೆಯ ಮೇಲೆ ಅಡ್ಡಾದಿಡ್ಡಿಯಾದ ಎಳೆಗಳಿದ್ದು, ಹಾರುವ ಕೀಟಗಳು ಅವುಗಳಿಗೆ ತಗುಲಿ ಹಾಳೆಯ ಮೇಲೆ ಬೀಳುತ್ತವೆ. ಜೇಡವು ಕೆಳಗಿನಿಂದಲೇ ಹಾಳೆಯ ಮೂಲಕ ಕೀಟವನ್ನು ಕಚ್ಚಿ ಹಿಡಿಯುತ್ತದೆ.

ದವಡೆಗಳ ಹೊರಬದಿಯಲ್ಲಿರುವ ಸೂಕ್ಷ್ಮ ಗೀರುಗಳ ಸಾಲು ಹಾಗೂ ಅಪಾಯದ ಸಮಯದಲ್ಲಿ ಕಾಲು ಮಂಡಿಚಿಪ್ಪಿನ ಭಾಗದ ಮುಂದಿನ ಸಂಧಿಯಲ್ಲಿ ಕಳಚಿಕೊಳ್ಳುವುದು ಈ ಕುಟುಂಬದ ಗುರುತುಗಳೆಂದು ಪರಿಗಣಿಸಲ್ಪಟ್ಟಿವೆ. ಗಂಡು ಜೇಡದ ಬಾಯಿಯ ಪಕ್ಕದಲ್ಲಿರುವ ಪಾಲ್ಪ್ ಎಂಬ ಸ್ಪರ್ಶಾಂಗವು ವೀರ್ಯವನ್ನು ಹೆಣ್ಣಿಗೆ ವರ್ಗಾಯಿಸುವ ಕೆಲಸವನ್ನೂ ಮಾಡುತ್ತದೆ. ಹೆಣ್ಣಿನ ಹೊಟ್ಟೆಯ ಕೆಳಭಾಗದಲ್ಲಿರುವ ಜನನಾಂಗದ ಗಡುಸಾದ ಫಲಕವನ್ನು ಎಪಿಜೈನ್ ಎನ್ನುತ್ತಾರೆ. ಈ ಎರಡು ಅಂಗಗಳ ರಚನೆ ಪ್ರತಿ ಪ್ರಭೇದದಲ್ಲಿಯೂ ಭಿನ್ನವಾಗಿರುವುದರಿಂದ ಪ್ರಭೇದವನ್ನು ಗುರುತಿಸಲು ಸೂಕ್ಷ್ಮದರ್ಶಕದಡಿ ಇವುಗಳನ್ನೇ ಪರೀಕ್ಷಿಸಲಾಗುತ್ತದೆ.

ಬ್ರಿಟನ್ನಿನಲ್ಲಿ ಇವುಗಳಿಗೆ ‘ಮನಿ ಸ್ಪೈಡರ್’ ಎಂಬ ಹೆಸರಿದೆ. ಇಂತಹ ಜೇಡವು ಮೈಮೇಲೆ ಹರಿದರೆ ಹಣ ದೊರೆಯುತ್ತದೆ ಎಂಬ ಜನಪದ ನಂಬಿಕೆ ಈ ಹೆಸರಿಗೆ ಕಾರಣ.

ಆರಂಭಿಕ ಇತಿಹಾಸ

ಕುಟುಂಬದ ಮಾದರಿ ಪ್ರಭೇದವಾದ ಲಿನಿಫಿಯಾ ಟ್ರಯಾಂಗುಲಾರಿಸ್ ಅನ್ನು ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ಅರೇನಿಯಸ್ ಟ್ರಯಾಂಗುಲಾರಿಸ್ ಎಂಬ ಹೆಸರಿನಲ್ಲಿ ವರ್ಣಿಸಿದನು. ಪ್ರಾಣಿಗಳ ವೈಜ್ಞಾನಿಕ ನಾಮಕರಣವು 1758ರಲ್ಲಿ ಪ್ರಕಟವಾದ ಲಿನೇಯಸ್‌ನ ಗ್ರಂಥದಿಂದ ಆರಂಭವಾಗುತ್ತದೆ ಎಂಬುದು ಸಾಮಾನ್ಯ ನಿಯಮ. ಅದಕ್ಕಿಂತ ಮೊದಲೇ ಹೊರಬಂದ ಕ್ಲರ್ಕ್‌ನ ಜೇಡಗಳ ಪುಸ್ತಕಕ್ಕೆ ಮಾತ್ರ ನಿಯಮಾವಳಿಯು ವಿನಾಯಿತಿ ನೀಡಿ, ಅದರಲ್ಲಿನ ಹೆಸರುಗಳನ್ನು ಮಾನ್ಯ ಮಾಡಿದೆ. ಲಿನಿಫಿಯಾ ಎಂಬ ಕುಲವನ್ನು ಫ್ರಾನ್ಸಿನ ಪಿಯರ್ ಆಂದ್ರೆ ಲಾತ್ರೇಯ್ 1804ರಲ್ಲಿ ಸ್ಥಾಪಿಸಿದನು.

ಲಿನಿಫಿಯಿಡೇಯನ್ನು ಪ್ರತ್ಯೇಕ ಕುಟುಂಬವಾಗಿ 1859ರಲ್ಲಿ ಗುರುತಿಸಿದವನು ಇಂಗ್ಲೆಂಡಿನ ಜಾನ್ ಬ್ಲ್ಯಾಕ್‌ವಾಲ್ (1790–1881). ಸಣ್ಣ ಜೇಡಗಳು ರೇಷ್ಮೆಯ ಎಳೆಯನ್ನು ಹೊರಚಾಚಿ ಗಾಳಿಯಲ್ಲಿ ತೇಲುತ್ತಾ ದೂರ ಸಾಗುವ ಬಗೆಯನ್ನು ಕುರಿತು ಆತ 1827ರಲ್ಲಿಯೇ ಪ್ರಬಂಧ ಪ್ರಕಟಿಸಿದ್ದನು. ನೆರಿಯೆನ್, ವಾಲ್ಕನೇರಿಯಾ ಮುಂತಾದ ಕುಲಗಳನ್ನು 1833ರಲ್ಲಿ ಹೆಸರಿಸಿದನು. 1861ರಿಂದ 1864ರ ಅವಧಿಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಜೇಡಗಳ ಕುರಿತ ಆತನ ಬೃಹತ್ ಗ್ರಂಥವು ಹೊರಬಂದಿತು.

ಬ್ಲ್ಯಾಕ್‌ವಾಲ್‌ನ ಕೆಲಸವನ್ನು ಮುಂದುವರಿಸಿದವರಲ್ಲಿ ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್ (1828–1917) ಪ್ರಮುಖನು. ಡಾರ್ಸೆಟ್ ಪ್ರಾಂತ್ಯದ ಬ್ಲಾಕ್ಸ್‌ವರ್ತ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ಆತನು ಈ ಕುಟುಂಬದ ಅನೇಕ ಪ್ರಭೇದಗಳನ್ನು ಮೊದಲ ಬಾರಿಗೆ ವರ್ಣಿಸಿದನು. ನಂತರದ ಪೀಳಿಗೆಯಲ್ಲಿ ಪಾದ್ರಿ ಜೆ. ಇ. ಹಲ್ ಹಾಗೂ ಚೆಸ್ಟರ್ ನಗರದ ವೈದ್ಯ ಎ. ರ‍್ಯಾಂಡೆಲ್ ಜಾಕ್ಸನ್ ಮುಂತಾದವರು ತಮ್ಮ ವೃತ್ತಿಯ ನಡುವೆಯೇ ಈ ಅಧ್ಯಯನವನ್ನು ಕೈಗೊಂಡರು. ಬ್ರಿಟನ್ನಿನ ಜೇಡ ಪ್ರಭೇದಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಕುಟುಂಬಕ್ಕೆ ಸೇರಿರುವುದು ಅಲ್ಲಿ ಇದರ ಅಧ್ಯಯನ ಬೆಳೆಯಲು ಒಂದು ಕಾರಣವಾಯಿತು.

ಒಂದು ಕುಟುಂಬವೇ, ಎರಡೇ?

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಈ ಜೇಡಗಳ ಸ್ಥಾನ ಸ್ಥಿರವಾಗಿರಲಿಲ್ಲ. ಅಮೆರಿಕದ ಜೇಮ್ಸ್ ಹೆನ್ರಿ ಎಮರ್ಟನ್ 1882ರಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದ ಪ್ರಭೇದಗಳನ್ನು ಥೆರಿಡಿಯಿಡೇ ಕುಟುಂಬದಡಿ ವಿವರಿಸಿದನು. ಫ್ರಾನ್ಸಿನ ಯೂಜೀನ್ ಸಿಮೋನ್ (1848–1924) ಇವುಗಳನ್ನು ವೃತ್ತಾಕಾರದ ಬಲೆ ನೇಯುವ ಜೇಡಗಳೊಂದಿಗೆ ಒಂದೇ ದೊಡ್ಡ ಕುಟುಂಬದಲ್ಲಿ ಇರಿಸಿ, ಅದರೊಳಗೆ ಉಪಕುಟುಂಬದ ಸ್ಥಾನ ನೀಡಿದನು.

ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ವಿವಾದ ಎದುರಾಯಿತು. ಈ ಜೇಡಗಳಲ್ಲಿ ಅತಿ ಸಣ್ಣವಾದ ಎರಿಗೊನ್ ಮತ್ತು ಅದರ ಬಂಧುಗಳನ್ನು ಪ್ರತ್ಯೇಕ ಕುಟುಂಬವೆಂದು ಪರಿಗಣಿಸಬೇಕೇ ಎಂಬುದು ಅದರ ವಿಷಯ. ಜರ್ಮನಿಯ ಹರ್ಮನ್ ವೀಲೆ 1956ರ ಸಂಪುಟದಲ್ಲಿ ಲಿನಿಫಿಯಿಡೇಯನ್ನೂ 1960ರ ಸಂಪುಟದಲ್ಲಿ ಮೈಕ್ರಿಫ್ಯಾಂಟಿಡೇ ಎಂಬ ಹೆಸರಿನಲ್ಲಿ ಕುಬ್ಜ ಜೇಡಗಳನ್ನೂ ಬೇರೆ ಬೇರೆಯಾಗಿ ವಿವರಿಸಿದನು. ಬ್ರಿಟನ್ನಿನಲ್ಲಿ ಜಿ. ಎಚ್. ಲಾಕೆಟ್ ಮತ್ತು ಎ. ಎಫ್. ಮಿಲಿಜ್ 1953ರ ತಮ್ಮ ಕೈಪಿಡಿಯಲ್ಲಿ ಇವೆರಡನ್ನೂ ಒಂದೇ ಕುಟುಂಬವಾಗಿ ನಿರೂಪಿಸಿದರು. ಇಂದು ಅಂಗೀಕೃತವಾಗಿರುವುದು ಈ ಎರಡನೆಯ ನಿಲುವು. ಕುಬ್ಜ ಜೇಡಗಳಿಗೆ ಎರಿಗೊನಿನೇ ಎಂಬ ಉಪಕುಟುಂಬದ ಸ್ಥಾನವಿದೆ.

ತಲೆಯ ಆಕಾರ ತಂದ ಗೊಂದಲ

ಎರಿಗೊನಿನೇ ಉಪಕುಟುಂಬದ ಅನೇಕ ಗಂಡುಗಳ ತಲೆಯ ಮೇಲೆ ಉಬ್ಬು, ಕೊಂಬು, ತಗ್ಗು ಅಥವಾ ಗೋಪುರದಂತಹ ರಚನೆಗಳಿರುತ್ತವೆ. ವಾಲ್ಕನೇರಿಯಾ ಅಕ್ಯುಮಿನೇಟಾ ಪ್ರಭೇದದ ಗಂಡಿನ ಕಣ್ಣುಗಳು ತಲೆಯಿಂದ ಮೇಲೆದ್ದ ತೆಳುವಾದ ಕಂಬದ ಮೇಲಿರುತ್ತವೆ. ಕಣ್ಣಿಗೆ ಎದ್ದು ಕಾಣುವ ಈ ರಚನೆಗಳಿಗೆ ಹಿಂದಿನ ವಿದ್ವಾಂಸರು ಹೆಚ್ಚಿನ ಮಹತ್ವ ನೀಡಿದರು. ಆದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳಲ್ಲಿಯೂ ತಲೆಯ ಆಕಾರ ಬಹಳ ಭಿನ್ನವಾಗಿರಬಹುದು.

ಇದಕ್ಕೆ ಈಡೊಥೊರ‍್ಯಾಕ್ಸ್ ಗಿಬ್ಬೋಸಸ್ ಉತ್ತಮ ನಿದರ್ಶನ. ಬ್ಲ್ಯಾಕ್‌ವಾಲ್ 1841ರಲ್ಲಿ ಗಿಬ್ಬೋಸಸ್ ಮತ್ತು ಟ್ಯೂಬರೋಸಸ್ ಎಂಬ ಎರಡು ಪ್ರಭೇದಗಳನ್ನು ವರ್ಣಿಸಿದ್ದನು. ಮೊದಲನೆಯದರ ಗಂಡಿಗೆ ಗೂನು ಮತ್ತು ಅದರ ಮುಂದೆ ರೋಮಗಳಿಂದ ಕೂಡಿದ ಆಳವಾದ ತಗ್ಗು ಇತ್ತು. ಎರಡನೆಯದಕ್ಕೆ ಆ ತಗ್ಗು ಇರಲಿಲ್ಲ. ಬೆಲ್ಜಿಯಂನ ಡಿ ಕೀರ್ ಮತ್ತು ಮೇಲ್‌ಫೈಟ್ 1988ರಲ್ಲಿ ಇವು ಒಂದೇ ಪ್ರಭೇದದ ಎರಡು ಬಗೆಯ ಗಂಡುಗಳೆಂದು ತೋರಿಸಿಕೊಟ್ಟರು. ತಗ್ಗಿನಲ್ಲಿ ಒಸರುವ ದ್ರವವನ್ನು ಹೆಣ್ಣು ಪ್ರಣಯದ ಸಮಯದಲ್ಲಿ ಸೇವಿಸುತ್ತದೆ. ಎರಡು ಪ್ರಭೇದಗಳ ನಡುವಿನ ಗಡಿ ಎಂದು ಸುಮಾರು ಒಂದೂವರೆ ಶತಮಾನ ಕಾಲ ಭಾವಿಸಲಾಗಿದ್ದ ಲಕ್ಷಣವು ವಾಸ್ತವದಲ್ಲಿ ಸಂಗಾತಿಯನ್ನು ಆಕರ್ಷಿಸುವ ಸಾಧನವಾಗಿತ್ತು.

ಜನನಾಂಗ ಮತ್ತು ಶ್ವಾಸನಾಳ

ತಲೆಯ ಆಕಾರವನ್ನು ನಂಬುವಂತಿಲ್ಲವೆಂದಾದ ಮೇಲೆ ವಿದ್ವಾಂಸರ ಗಮನ ದೇಹದ ಇತರ ಭಾಗಗಳ ಕಡೆಗೆ ತಿರುಗಿತು. ಅಮೆರಿಕದ ಸೈರಸ್ ಕ್ರಾಸ್ಬಿ ಮತ್ತು ಶರ್ಮನ್ ಬಿಷಪ್ 1920 ಮತ್ತು 1930ರ ದಶಕಗಳಲ್ಲಿ ಎರಿಗೊನ್ ಬಳಗದ ಪ್ರಭೇದಗಳ ಪಾಲ್ಪ್‌ಗಳನ್ನು ವಿವರವಾಗಿ ಚಿತ್ರಿಸಿದರು. ಪೀಟರ್ ಮೆರೆಟ್ 1963ರಲ್ಲಿ ಇಡೀ ಕುಟುಂಬದ ಗಂಡುಗಳ ಪಾಲ್ಪ್ ರಚನೆಯನ್ನು ಹೋಲಿಸಿ ನೋಡಿದನು. ಲೈಡನ್ನಿನ ಪಿ. ಜೆ. ವಾನ್ ಹೆಲ್ಸ್‌ಡಿಂಗೆನ್ 1969ರಲ್ಲಿ, ಕೂಡುವಾಗ ಜನನಾಂಗಗಳು ಕೆಲಸ ಮಾಡುವ ರೀತಿಯನ್ನು ಆಧರಿಸಿ ಲಿನಿಫಿಯಾ ಕುಲವನ್ನು ಮರುವಿಂಗಡಿಸಿದನು. ಇದರಿಂದ ಅನೇಕ ಪ್ರಭೇದಗಳು ನೆರಿಯೆನ್ ಕುಲಕ್ಕೆ ವರ್ಗಾವಣೆಗೊಂಡವು.

ಎ. ಡಿ. ಬ್ಲೆಸ್ಟ್ 1976ರಲ್ಲಿ ಶ್ವಾಸನಾಳಗಳನ್ನು ಆಧಾರವಾಗಿ ಮುಂದಿಟ್ಟನು. ಹೆಚ್ಚಿನ ಲಿನಿಫಿಯಿಡ್‌ಗಳಲ್ಲಿ ಹೊಟ್ಟೆಗೆ ಸೀಮಿತವಾದ ನಾಲ್ಕು ಸರಳ ನಾಳಗಳಿದ್ದರೆ, ಎರಿಗೊನಿನೇಯಲ್ಲಿ ಮಧ್ಯದ ನಾಳಗಳು ಕವಲೊಡೆದು ದೇಹದ ಮುಂಭಾಗದವರೆಗೂ ಹರಡಿರುತ್ತವೆ. ಆದರೆ ಎರಿಗೊನಿನೇಯ ಎಲ್ಲ ಸದಸ್ಯರಲ್ಲೂ ಕವಲು ನಾಳಗಳಿಲ್ಲದ ಕಾರಣ ಇದೊಂದೇ ಲಕ್ಷಣವು ಸಾಕಾಗಲಿಲ್ಲ. ಮಿಲಿಜ್ 1977ರಲ್ಲಿ ಗಂಡಿನ ಪಾಲ್ಪ್, 1984ರಲ್ಲಿ ಎಪಿಜೈನ್ ಮತ್ತು ಶ್ವಾಸನಾಳ, 1993ರಲ್ಲಿ ಎಪಿಜೈನ್‌ನ ಒಳನಾಳಗಳು ಹೀಗೆ ಕ್ರಮವಾಗಿ ಭಿನ್ನ ಆಧಾರಗಳನ್ನು ಬಳಸಿ ಕುಟುಂಬವನ್ನು ಮತ್ತೆ ಮತ್ತೆ ಪರಿಶೀಲಿಸಿದನು.

ವಂಶವೃಕ್ಷದ ಅಧ್ಯಯನ

ಒಂದೇ ಅಂಗವನ್ನು ನೆಚ್ಚಿಕೊಳ್ಳುವ ಬದಲು ಅನೇಕ ಲಕ್ಷಣಗಳನ್ನು ಒಟ್ಟಾಗಿ ತುಲನೆ ಮಾಡಿ, ಹಂಚಿಕೊಂಡ ಹೊಸ ಲಕ್ಷಣಗಳಿಂದ ವಂಶವೃಕ್ಷ ರಚಿಸುವ ವಿಧಾನಕ್ಕೆ ಕ್ಲಾಡಿಸ್ಟಿಕ್ಸ್ ಎಂದು ಹೆಸರು. ಈ ಕುಟುಂಬಕ್ಕೆ ಇದನ್ನು ವ್ಯವಸ್ಥಿತವಾಗಿ ಅನ್ವಯಿಸಿದವರು ಗುಸ್ಟಾವೊ ಹಾರ್ಮಿಗಾ. 1994ರ ಅವರ ಅಧ್ಯಯನಗಳು ಪಿಮೊಯಿಡೇ ಕುಟುಂಬವನ್ನು ಲಿನಿಫಿಯಿಡೇಯ ಅತ್ಯಂತ ಸಮೀಪದ ಬಂಧುವೆಂದು ಗುರುತಿಸಿದವು. 2000ರಲ್ಲಿ ಅವರು ಎರಿಗೊನಿನೇಯ ವಂಶವೃಕ್ಷವನ್ನು ಪ್ರಕಟಿಸಿದರು. ಹವಾಯಿ ದ್ವೀಪಗಳ ದೈತ್ಯ ಲಿನಿಫಿಯಿಡ್‌ಗಳಿಗೆ 2002ರಲ್ಲಿ, ಚಲನಚಿತ್ರ ನಿರ್ದೇಶಕ ಆರ್ಸನ್ ವೆಲ್ಸ್‌ನ ನೆನಪಿಗಾಗಿ, ಆರ್ಸನ್‌ವೆಲ್ಲೆಸ್ ಎಂಬ ಕುಲನಾಮವನ್ನು ನೀಡಿದವರೂ ಇವರೇ. ಅದರ 13 ಪ್ರಭೇದಗಳಲ್ಲಿ 11 ಆಗ ಹೊಸದಾಗಿ ವರ್ಣಿತವಾದವು.

ಮಿಗೆಲ್ ಆರ್ನೆಡೊ, ಹಾರ್ಮಿಗಾ ಮತ್ತು ನಿಕೊಲಾಯ್ ಶಾರ್ಫ್ 2009ರಲ್ಲಿ ಐದು ಜೀನ್‌ಗಳ ಮಾಹಿತಿಯನ್ನು ದೇಹರಚನೆಯ ಲಕ್ಷಣಗಳೊಂದಿಗೆ ಸೇರಿಸಿ ವಿಶ್ಲೇಷಿಸಿದರು. ಲಿನಿಫಿಯಿಡೇ ಒಂದೇ ಪೂರ್ವಜನಿಂದ ಬಂದ ಸಹಜ ಗುಂಪು ಎಂಬುದನ್ನು ಈ ಅಧ್ಯಯನ ಬೆಂಬಲಿಸಿತು. ಚೀನಾದ ವಿಜ್ಞಾನಿಗಳು ಹಾರ್ಮಿಗಾ ಅವರೊಂದಿಗೆ ಸೇರಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಕುಟುಂಬದೊಳಗೆ ಏಳು ಕವಲುಗಳನ್ನು ಗುರುತಿಸಿತು. ಹಳೆಯ ಉಪಕುಟುಂಬಗಳ ಗಡಿಗಳು ಈ ಕವಲುಗಳೊಂದಿಗೆ ಪೂರ್ಣವಾಗಿ ಹೊಂದಿಕೆಯಾಗುವುದಿಲ್ಲ.

ಮುಖ್ಯ ಉಪಕುಟುಂಬಗಳು

ಸ್ಟೆಮೊನಿಫ್ಯಾಂಟಿನೇ: ಕುಟುಂಬದ ಉಳಿದ ಸದಸ್ಯರಿಂದ ಬಹಳ ಹಿಂದೆಯೇ ಕವಲೊಡೆದ ಸಣ್ಣ ಗುಂಪು.

ಮೈನೊಗ್ಲೆನಿನೇ: ಮುಖ್ಯವಾಗಿ ನ್ಯೂಜಿಲೆಂಡ್ ಮತ್ತು ಆಫ್ರಿಕಾದಲ್ಲಿರುವ ಗುಂಪು. ಕಣ್ಣುಗಳ ಕೆಳಗೆ ಗ್ರಂಥಿಗಳಿಂದ ಕೂಡಿದ ತೋಡುಗಳಿರುತ್ತವೆ.

ಲಿನಿಫಿಯಿನೇ: ಲಿನಿಫಿಯಾ, ನೆರಿಯೆನ್ ಮುಂತಾದ, ತುಲನಾತ್ಮಕವಾಗಿ ದೊಡ್ಡ ಜೇಡಗಳು.

ಮೈಕ್ರೊನೆಟಿನೇ: ಲೆಪ್ತಿಫ್ಯಾಂಟಿಸ್ ಮತ್ತು ಅದರ ಬಂಧುಗಳು. ಕೆಲವು ವಿದ್ವಾಂಸರು ಇದನ್ನು ಲಿನಿಫಿಯಿನೇಯ ಒಳಗುಂಪೆಂದು ಪರಿಗಣಿಸುತ್ತಾರೆ.

ಎರಿಗೊನಿನೇ: ಕುಬ್ಜ ಜೇಡಗಳು. ಅತಿ ಹೆಚ್ಚು ಕುಲಗಳಿರುವ ಉಪಕುಟುಂಬ. ಇದರ ಅನೇಕ ಕುಲಗಳಲ್ಲಿ ಒಂದೇ ಒಂದು ಪ್ರಭೇದವಿದೆ.

ಒಂದು ಹೆಸರಿನ ಪಯಣ

ಬ್ಲ್ಯಾಕ್‌ವಾಲ್ 1852ರಲ್ಲಿ ಲಿನಿಫಿಯಾ ಟೆನುಯಿಸ್ ಎಂದು ಹೆಸರಿಸಿದ ಜೇಡವನ್ನು ನಂತರ ಲೆಪ್ತಿಫ್ಯಾಂಟಿಸ್ ಕುಲಕ್ಕೆ ಸೇರಿಸಲಾಯಿತು. ಈ ಕುಲವು ನೂರಾರು ಪ್ರಭೇದಗಳಿಂದ ತುಂಬಿ, ಪರಸ್ಪರ ಸಂಬಂಧವಿಲ್ಲದ ಜೇಡಗಳ ಸಂಗ್ರಹದಂತಾಗಿತ್ತು. ಫಿನ್ಲೆಂಡಿನ ಮೈಕೆಲ್ ಸಾರಿಸ್ಟೊ ಮತ್ತು ರಷ್ಯಾದ ಆಂಡ್ರೇ ತನಾಸೆವಿಚ್ 1996ರಲ್ಲಿ ಇದನ್ನು ಒಡೆದು ಹೊಸ ಕುಲಗಳನ್ನು ರಚಿಸಿದರು. ಅಂದಿನಿಂದ ಆ ಜೇಡದ ಹೆಸರು ಟೆನುಯಿಫ್ಯಾಂಟಿಸ್ ಟೆನುಯಿಸ್. ತನಾಸೆವಿಚ್ ನೇಪಾಳ ಹಾಗೂ ಭಾರತದ ಹಿಮಾಲಯ ಪ್ರದೇಶಗಳಿಂದಲೂ ಈ ಕುಟುಂಬದ ಅನೇಕ ಪ್ರಭೇದಗಳನ್ನು ವರ್ಣಿಸಿದ್ದಾರೆ.

ಹೀಗೆ ಬದಲಾಗುವ ಹೆಸರುಗಳ ದಾಖಲೆಯನ್ನು ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ ಇಡುತ್ತದೆ. ಇದನ್ನು ನ್ಯೂಯಾರ್ಕ್‌ನ ನಾರ್ಮನ್ ಪ್ಲಾಟ್ನಿಕ್ (1951–2020) ರೂಪಿಸಿದರು. 2014ರಿಂದ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯವು ಇದನ್ನು ನಿರ್ವಹಿಸುತ್ತಿದೆ.

ಮಹತ್ವ

ಟೆನುಯಿಫ್ಯಾಂಟಿಸ್ ಟೆನುಯಿಸ್, ಎರಿಗೊನ್ ಅಟ್ರಾ ಮುಂತಾದ ಪ್ರಭೇದಗಳು ಯುರೋಪಿನ ಗೋಧಿ ಹೊಲಗಳಲ್ಲಿ ಹೇರಳವಾಗಿದ್ದು, ಬೆಳೆಯ ರಸ ಹೀರುವ ಗಿಡಹೇನುಗಳನ್ನು ತಿನ್ನುತ್ತವೆ. ಉಳುಮೆ ಅಥವಾ ಕೀಟನಾಶಕದಿಂದ ಒಂದು ಹೊಲದಲ್ಲಿ ಇವು ನಾಶವಾದರೂ, ಗಾಳಿಯಲ್ಲಿ ತೇಲಿಬರುವ ಜೇಡಗಳು ಅಲ್ಲಿ ಮತ್ತೆ ನೆಲೆಸಬಲ್ಲವು. ಯಾವ ಪ್ರಭೇದವು ಯಾವ ಹೊಲದಲ್ಲಿದೆ, ಯಾವುದು ಕಡಿಮೆಯಾಗುತ್ತಿದೆ ಎಂಬುದನ್ನು ಅರಿಯಲು ಅವುಗಳನ್ನು ಸರಿಯಾಗಿ ಗುರುತಿಸುವುದು ಅಗತ್ಯ. ಎರಡು ಪ್ರಭೇದಗಳನ್ನು ಒಂದೆಂದು ಅಥವಾ ಒಂದನ್ನು ಎರಡೆಂದು ಎಣಿಸಿದರೆ ಅಂತಹ ಸಮೀಕ್ಷೆಗಳ ಫಲಿತಾಂಶವೂ ತಪ್ಪಾಗುತ್ತದೆ. ಹಳೆಯ ಬರಹಗಳಲ್ಲಿ ಒಂದೇ ಜೇಡವು ಬೇರೆ ಬೇರೆ ಹೆಸರುಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಅವುಗಳನ್ನು ಬಳಸುವವರು ಪ್ರಭೇದದ ಪ್ರಸ್ತುತ ಹೆಸರನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ.