ಸ್ಟೀಲ್ ಗಿಟಾರಿಗೆ ಬಾರ್ ಆರಿಸುವುದು ಹೇಗೆ?

ಸ್ಟೀಲ್ ಗಿಟಾರನ್ನು ಮಡಿಲಲ್ಲೋ ಸ್ಟ್ಯಾಂಡಿನ ಮೇಲೋ ಅಂಗಾತ ಇಟ್ಟುಕೊಂಡು, ಎಡಗೈಯಲ್ಲಿ ಹಿಡಿದ ನುಣುಪಾದ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಾರೆ. ಆ ತುಂಡಿಗೆ ಟೋನ್ ಬಾರ್ ಅಥವಾ ಬರೀ ಬಾರ್ ಎನ್ನುತ್ತಾರೆ. ಅದು ತಂತಿಯ ಮೇಲೆ ಎಲ್ಲಿ ಕೂರುತ್ತದೋ ಅಲ್ಲಿಂದಲೇ ಸ್ವರ ಶುರು. ಗಿಟಾರ್ ಕೊಳ್ಳುವಾಗ ಹತ್ತು ಕಡೆ ವಿಚಾರಿಸುವವರೂ ಬಾರಿನ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ತಂದುಬಿಡುತ್ತಾರೆ. ನಾದದ ಗುಣವನ್ನು ಇಷ್ಟೊಂದು ನಿರ್ಧರಿಸುವ ವಸ್ತುವಿಗೆ ಅಷ್ಟು ಕಡಿಮೆ ಗಮನ ಸಾಲದು.

ಹವಾಯಿಯಿಂದ ಭಾರತಕ್ಕೆ

ಈ ವಾದನಶೈಲಿಯನ್ನು ರೂಪಿಸಿದ ಹಿರಿಮೆ ಸಾಮಾನ್ಯವಾಗಿ ಸಲ್ಲುವುದು ಹವಾಯಿಯ ಓವಾಹು ದ್ವೀಪದ ಜೋಸೆಫ್ ಕೆಕುಕುಗೆ. 1880ರ ದಶಕದ ಕೊನೆಯ ಹೊತ್ತಿಗೆ, ಇನ್ನೂ ಶಾಲಾ ಹುಡುಗನಾಗಿದ್ದ ಆತ ಬಾಚಣಿಗೆ, ಚಾಕುವಿನ ಹಿಂಬದಿ ಎಲ್ಲವನ್ನೂ ತಂತಿಯ ಮೇಲೆ ಆಡಿಸಿ ನೋಡಿ, ಕೊನೆಗೆ ಉಕ್ಕಿನ ಬಾರಿಗೆ ಬಂದನೆಂದು ಹೇಳುತ್ತಾರೆ. 1940ರ ದಶಕದಲ್ಲಿ ಹವಾಯಿ ಶೈಲಿಯ ಕಲಾವಿದ ಟಾವ್ ಮೋ ಕುಟುಂಬದೊಂದಿಗೆ ಕೋಲ್ಕತ್ತದಲ್ಲಿ ನೆಲೆಸಿದ್ದರು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಈ ವಾದ್ಯವನ್ನು ರಾಗಸಂಗೀತಕ್ಕೆ ಒಗ್ಗಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಸಂತೂರ್ ಮತ್ತು ಕೊಳಲಿನ ಜೊತೆ ಕೇಳುವ ಗಿಟಾರ್ ಅವರದೇ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಇದೇ ವಾದ್ಯದಲ್ಲಿ ಹಿಂದುಸ್ತಾನಿ ನುಡಿಸುತ್ತಾರೆ. ನಮ್ಮವರಿಗೆ ಜಾರಿಸಿ ನುಡಿಸುವುದು ಹೊಸದೇನೂ ಆಗಿರಲಿಲ್ಲ: ಗೋಟುವಾದ್ಯ, ವಿಚಿತ್ರವೀಣೆಗಳಲ್ಲಿ ಆ ಕ್ರಮ ಮೊದಲೇ ಇತ್ತು.

ಮೊದಲು ತೂಕ

ನನ್ನ ಪ್ರಕಾರ ಮೊದಲು ನೋಡಬೇಕಾದ್ದು ತೂಕ. ಮಿಡಿದ ತಂತಿ ಕಂಪಿಸುವಾಗ ಬಾರನ್ನೂ ಅಲುಗಿಸಲು ನೋಡುತ್ತದೆ. ಬಾರ್ ಹಗುರವಾಗಿದ್ದರೆ ಕಂಪನದ ಶಕ್ತಿ ಅದರೊಳಗೆ ಸೋರಿ, ಸ್ವರ ಬೇಗ ಸಾಯುತ್ತದೆ. ತಂತಿ ಗರಗರ ಎನ್ನುವುದೂ ಉಂಟು. ಇದನ್ನು ಸರಿದೂಗಿಸಲು ನುಡಿಸುವವರು ಒತ್ತತೊಡಗುತ್ತಾರೆ. ಒತ್ತಿದಾಗ ತಂತಿ ಬಿಗಿದು ಶ್ರುತಿ ಏರುತ್ತದೆ, ಮಣಿಕಟ್ಟು ಬಿಗಿಯುತ್ತದೆ, ಮೀಂಡ್ ತಡವರಿಸುತ್ತದೆ. ಸಾಕಷ್ಟು ಭಾರದ ಬಾರ್ ತನ್ನ ತೂಕದಿಂದಲೇ ತಂತಿಯ ಮೇಲೆ ಕೂರುತ್ತದೆ, ಕೈಗೆ ಉಳಿಯುವುದು ದಾರಿ ತೋರಿಸುವ ಕೆಲಸ ಮಾತ್ರ.

ಹಾಗೆಂದು ಅತಿ ಭಾರವೂ ಒಳ್ಳೆಯದಲ್ಲ. ದ್ರುತ ಲಯದ ತಾನಗಳಲ್ಲಿ, ಒಂದೇ ತಂತಿಯ ಮೇಲೆ ಹಿಂದೆ ಮುಂದೆ ಓಡಾಡುವಾಗ ಭಾರದ ಬಾರ್ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತದೆ. ಆರು ತಂತಿಯ ಗಿಟಾರಿಗೆ 150 ಗ್ರಾಂ ಆಸುಪಾಸಿನದು ಸಾಕು. ಹತ್ತು ತಂತಿಯ ಪೆಡಲ್ ಸ್ಟೀಲ್ ಗಿಟಾರಿನ ಬಾರ್ 200 ಗ್ರಾಂ ದಾಟುತ್ತದೆ.

ಆಕಾರ ಮತ್ತು ಹಿಡಿತ

ಹೆಚ್ಚು ಬಳಕೆಯಲ್ಲಿರುವುದು ಬುಲೆಟ್ ಬಾರ್. ಉರುಳೆಯಂಥ ಮೈ, ಒಂದು ತುದಿ ಗುಂಡಗೆ, ಇನ್ನೊಂದು ತುದಿಯಲ್ಲಿ ಹೆಬ್ಬೆರಳಿಗೆ ಆನಿಕೆಯಾಗುವ ಕುಳಿ. ತೋರುಬೆರಳನ್ನು ಬಾರಿನ ಉದ್ದಕ್ಕೂ ಮೇಲೆ ಚಾಚಿ, ಹೆಬ್ಬೆರಳು ಮತ್ತು ನಡುಬೆರಳಿನಿಂದ ಬದಿಗಳನ್ನು ಹಿಡಿಯಬೇಕು. ಉಂಗುರಬೆರಳೂ ಕಿರುಬೆರಳೂ ಬಾರಿನ ಹಿಂದೆ ತಂತಿಗಳ ಮೇಲೆ ಮೆಲ್ಲಗೆ ಒರಗಿರುತ್ತವೆ. ಬಾರಿನ ಹಿಂಬದಿಯ ತಂತಿಯ ಅನವಶ್ಯಕ ದನಿಯನ್ನು ಅಡಗಿಸುವುದು ಅವುಗಳ ಕೆಲಸ. ಎಷ್ಟೇ ಒಳ್ಳೆಯ ಬಾರ್ ಇರಲಿ, ಈ ಎರಡು ಬೆರಳು ಎತ್ತಿಕೊಂಡರೆ ನಾದ ಕಲಸಿಹೋಗುತ್ತದೆ. ಗುಂಡು ತುದಿ ಇರುವುದರಿಂದ ಬಾರನ್ನು ಓರೆ ಮಾಡಿ ಎರಡು ತಂತಿಗಳಲ್ಲಿ ಬೇರೆ ಬೇರೆ ಅಂತರದ ಸ್ವರ ಹಿಡಿಯುವುದು ಸುಲಭ. ಹಿಂದುಸ್ತಾನಿ ನುಡಿಸುವವರಿಗೂ ಇದೇ ಅನುಕೂಲ, ತುದಿಯಿಂದ ಒಂದೇ ತಂತಿಯನ್ನು ಮುಟ್ಟಿ ಎಳೆಯಬಹುದು.

ಇನ್ನೊಂದು ಸ್ಟೀವನ್ಸ್ ಮಾದರಿ. ಅದರ ಎರಡೂ ಬದಿಗೆ ತೋಡು, ಮೇಲೆ ತೋರುಬೆರಳು ಕೂರುವ ತಗ್ಗು ಇರುತ್ತದೆ. ಗಟ್ಟಿ ಹಿಡಿತ ಸಿಗುವುದರಿಂದ ಬಾರನ್ನು ತಂತಿಯಿಂದ ಎತ್ತಿ ಬಡಿದು ನುಡಿಸುವ ಅಮೆರಿಕದ ಬ್ಲೂಗ್ರಾಸ್ ಡೋಬ್ರೋ ವಾದಕರಿಗೆ ಅದು ಪ್ರಿಯ. ಹೊರಳಿಸಿ ಕಂಪನ ಕೊಡುವುದು ಮಾತ್ರ ಉರುಳೆ ಬಾರಿನಲ್ಲಿ ಬಂದಷ್ಟು ಸಲೀಸಾಗಿ ಬರುವುದಿಲ್ಲ.

ಉದ್ದ, ದಪ್ಪ

ಬಾರ್ ಎಲ್ಲ ತಂತಿಗಳನ್ನೂ ಮುಚ್ಚಿ ಸ್ವಲ್ಪ ಹೊರಗುಳಿಯಬೇಕು. ಆರು ತಂತಿಗೆ ಮೂರು ಇಂಚಿನ ಒಳಗಿನ ಉದ್ದ, ಮುಕ್ಕಾಲು ಇಂಚಿನ ದಪ್ಪ ಸಾಕು. ಹತ್ತು ತಂತಿಗೆ ಸುಮಾರು ಮೂರೂಕಾಲು ಇಂಚಿನ ಉದ್ದ, 22 ಮಿಲಿಮೀಟರಿನ ಆಸುಪಾಸಿನ ದಪ್ಪ ರೂಢಿ. ಬೆರಳು ಗಿಡ್ಡವಿದ್ದವರು ದಪ್ಪ ಬಾರಿನ ಆಸೆಗೆ ಬೀಳದಿರುವುದು ಒಳ್ಳೆಯದು.

ಉಕ್ಕೋ ಗಾಜೋ

ಸ್ಟೇನ್‌ಲೆಸ್ ಸ್ಟೀಲ್ ಮತ್ತು ಕ್ರೋಮ್ ಲೇಪಿಸಿದ ಹಿತ್ತಾಳೆಯ ಬಾರ್‌ಗಳಲ್ಲಿ ನಾದ ತಿಳಿಯಾಗಿ, ದೀರ್ಘವಾಗಿ ನಿಲ್ಲುತ್ತದೆ. ಕ್ರೋಮ್ ಎದ್ದುಹೋದ ಜಾಗದಲ್ಲಿ ಕರಕರ ಸದ್ದು ಬರುತ್ತದೆ, ಅಂಥದ್ದನ್ನು ಬದಲಾಯಿಸುವುದೇ ಸರಿ. ಗಾಜು ಹಗುರ, ಅದರ ದನಿ ಮೆದು, ಆದರೆ ಬಿದ್ದರೆ ಒಡೆಯುತ್ತದೆ. ಗೋಟುವಾದ್ಯದವರು ಕರಿಮರದ ಕೊರಡು ಬಳಸುತ್ತಿದ್ದರು, ಈಗ ಟೆಫ್ಲಾನ್ ಕೂಡ ಬಂದಿದೆ.

ಕೊಳ್ಳುವ ಮುನ್ನ

ಸಾಧ್ಯವಾದರೆ ನಿಮ್ಮ ಗಿಟಾರನ್ನೇ ಅಂಗಡಿಗೆ ಒಯ್ಯಿರಿ. ಬಾರನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ, ಕುಪ್ಪಳಿಸದೆ ಹೋಗುತ್ತದೆಯೇ ನೋಡಿ. ಉಗುರನ್ನು ಮೈಮೇಲೆ ಎಳೆದರೆ ಗೀರು ತಡೆದಂತಾಗಬಾರದು. ಆಮೇಲೆ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಒತ್ತದೆ ಇಟ್ಟು, ದಪ್ಪ ತಂತಿಯೊಂದನ್ನು, ಸಣ್ಣ ತಂತಿಯೊಂದನ್ನು ಮಿಡಿದು ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿ. ಆರು ತಂತಿಯಲ್ಲಿ ಕಲಿಕೆ ಶುರುಮಾಡುವವರಿಗೆ ಸ್ಟೇನ್‌ಲೆಸ್ ಸ್ಟೀಲಿನ, ಮುಕ್ಕಾಲು ಇಂಚು ದಪ್ಪದ ಬುಲೆಟ್ ಬಾರನ್ನೇ ನಾನು ಸೂಚಿಸುತ್ತೇನೆ. ಒಂದಿಷ್ಟು ಕಾಲ ಅದೊಂದನ್ನೇ ಬಳಸಿ; ಶ್ರುತಿ ಕೈಗೆ ಕೂತ ಮೇಲೆ ಬೇರೆ ತೂಕದ್ದನ್ನು ಪ್ರಯತ್ನಿಸಿ ನೋಡಿ.