ಸಮುದಾಯ ಮಧುಮೇಹ ಶುಶ್ರೂಷೆ, ಬ್ರಿಟನ್

ಮಧುಮೇಹಿಗಳಿಗೆ ಮನೆಯಲ್ಲೇ ನರ್ಸುಗಳಿಂದ ಆರೈಕೆ ಒದಗಿಸುವ ವ್ಯವಸ್ಥೆ. ಲೆಸ್ಟರ್ ನಗರದ ವೈದ್ಯೆ ಜೋನ್ ವಾಕರ್ 1950ರ ಸುಮಾರಿಗೆ ಆರೋಗ್ಯ ಸಂದರ್ಶಕಿಯರನ್ನು ರೋಗಿಗಳ ಮನೆಗಳಿಗೆ ಕಳಿಸತೊಡಗಿದರು. ಆಸ್ಪತ್ರೆಯಲ್ಲಿ ಹೇಳಿದ ಪಥ್ಯ ಅಡುಗೆಮನೆಯಲ್ಲಿ ನಡೆಯುತ್ತಿದೆಯೇ ಎಂಬುದು ಅಲ್ಲಿಗೆ ಹೋದವರಿಗಷ್ಟೇ ಗೊತ್ತಾಗುತ್ತದೆ.

1983ರಲ್ಲಿ ದೇಶದ ಇನ್ಸುಲಿನ್ ಮಿಲಿಲೀಟರಿಗೆ 100 ಯೂನಿಟ್ ಎಂಬ ಒಂದೇ ಪ್ರಮಾಣಕ್ಕೆ ಬಂದಾಗ, ರೋಗಿಗಳಿಗೆ ಹೊಸ ಸಿರಿಂಜು, ಹೊಸ ಲೆಕ್ಕ ಕಲಿಸಲು ತಜ್ಞ ನರ್ಸುಗಳು ಬೇಕಾದರು.

ಇಂಥ ಸೇವೆ ನಡೆಸುವವರ ದೊಡ್ಡ ಸವಾಲು ವೇಳೆಯದು. ತಾವೇ ಚುಚ್ಚಿಕೊಳ್ಳಲಾಗದ ವೃದ್ಧರು ಊರೆಲ್ಲ ಚದುರಿರುತ್ತಾರೆ; ಬಹುಮಂದಿಗೆ ಬೆಳಗಿನ ತಿಂಡಿಯ ಹೊತ್ತಿಗೇ ನರ್ಸ್ ಬರಬೇಕು. ಆದ್ದರಿಂದ ಮುಖ್ಯಸ್ಥರು ಯಾರ ಮನೆಗೆ ಮೊದಲು ಎಂದು ನಿರ್ಧರಿಸುತ್ತಾರೆ. ಸಾಧ್ಯವಿದ್ದವರಿಗೆ ದಿನಕ್ಕೊಮ್ಮೆ ಸಾಕಾಗುವ ಇನ್ಸುಲಿನ್ ಬರೆಸುತ್ತಾರೆ, ತರಬೇತಾದ ಸಹಾಯಕರಿಗೆ ಚುಚ್ಚುಮದ್ದು ವಹಿಸುತ್ತಾರೆ. ಹಾಗೆ ವಹಿಸಿದ್ದರ ಹೊಣೆ ನೋಂದಾಯಿತ ನರ್ಸಿನದೇ.

ಒಂಟಿಯಾಗಿ ಬದುಕುವ ವೃದ್ಧರಿಗೆ ಸಕ್ಕರೆ ಏರುವುದಕ್ಕಿಂತ ದಿಢೀರನೆ ಇಳಿಯುವುದೇ ಹೆಚ್ಚು ಅಪಾಯಕಾರಿ. ಲೀಟರಿಗೆ 4 ಮಿಲಿಮೋಲ್‌ಗಿಂತ ಕೆಳಗಿಳಿದರೆ ತಡಮಾಡದೆ ಸಿಹಿ ಕೊಡಬೇಕು. ಪಾದದ ಹುಣ್ಣನ್ನು ಹುಡುಕುವುದೂ ಇದೇ ಭೇಟಿಯ ಕೆಲಸ.

2006ರಿಂದ ಅರ್ಹತೆ ಪಡೆದ ನರ್ಸುಗಳು ಸ್ವತಂತ್ರವಾಗಿ ಇನ್ಸುಲಿನ್ ಸಹಿತ ಹೆಚ್ಚಿನ ಔಷಧಿಗಳನ್ನು ಬರೆದುಕೊಡಬಹುದಾಗಿದೆ.